ಸೋರಿಯಾಸಿಸ್ ಇದ್ದು ಮರೆವೂ ಶುರುವಾದರೆ ಏನು ಮಾಡಬೇಕು

ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೆದ್ದು ತುರಿಸುವ ಕಾಯಿಲೆ) ಇದ್ದವರಿಗೆ ಮರೆವಿನ ಕಾಯಿಲೆ ಬಂದೇ ಬರುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ನಂಟು ಇರಬಹುದು ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ಅದೇ ಕಾರಣ ಅಂತ ಸಾಬೀತಾಗಿಲ್ಲ. ಚರ್ಮದಲ್ಲಿ ಉರಿಯೂತ ಎಬ್ಬಿಸುವ ಟಿಎನ್‌ಎಫ್, ಐಎಲ್-17 ತರದ ಪ್ರೋಟೀನ್‌ಗಳು ರಕ್ತದಲ್ಲೂ ಓಡಾಡುತ್ತವೆ. ಜೊತೆಗೆ ಇವರಲ್ಲಿ ಬಿಪಿ, ಶುಗರ್, ಬೊಜ್ಜು, ಖಿನ್ನತೆ ಜಾಸ್ತಿ, ಅವೆಲ್ಲ ಮಿದುಳಿಗೂ ಒಳ್ಳೆಯದಲ್ಲ ಅಲ್ವಾ.

ಮೊದಲು ನಿದ್ದೆ ನೋಡಿ. ರಾತ್ರಿಯಿಡೀ ಕೆರೆದುಕೊಂಡವರಿಗೆ ಬೆಳಗ್ಗೆ ಬೀಗದ ಕೈ ಎಲ್ಲಿಟ್ಟೆ ಅಂತ ನೆನಪಾಗದಿದ್ದರೆ ಆಶ್ಚರ್ಯವೇನು? ಎರಡು ವಾರ ತುರಿಕೆ, ನಿದ್ದೆ, ಮರೆತದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಆಮೇಲೆ ಮಾತ್ರೆ ಡಬ್ಬಿ ತೆಗೆಯಿರಿ. ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್ ತರದ ಹಳೇ ಮಾತ್ರೆಗಳು ಮಂಪರು ತರಿಸುತ್ತವೆ, ವಯಸ್ಸಾದವರಿಗೆ ಗೊಂದಲವನ್ನೂ. ಇನ್ನು ಉರಿಯೂತ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಇದ್ದರಂತೂ ಹುಷಾರು. ಸೋರಿಯಾಸಿಸ್‌ಗೆ ಅದು ವಾರಕ್ಕೊಮ್ಮೆ, ದಿನಾ ಅಲ್ಲ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಸುಮ್ನೆ ನೀವೇ ಯಾವ ಔಷಧಿಯನ್ನೂ ನಿಲ್ಲಿಸಬೇಡಿ.

ಡಾಕ್ಟರಿಗೆ ಆ ನೋಟ್‌ಬುಕ್ ತೋರಿಸಿ, ಬಿ12, ಥೈರಾಯ್ಡ್, ಶುಗರ್ ಪರೀಕ್ಷೆ ಬೇಕಾ ಅಂತ ಕೇಳಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಮುಚ್ಚಿಡಬೇಡಿ, ಖಿನ್ನತೆಯಲ್ಲೂ ಮರೆವು ಬರುತ್ತದೆ. ಬೀಗದ ಕೈ ಮರೆಯುವುದು ಬೇರೆ, ದಿನಾ ಓಡಾಡುವ ದಾರಿಯೇ ತಪ್ಪುವುದು, ಚಿಲ್ಲರೆ ಲೆಕ್ಕ ಬಾರದಿರುವುದು ಬೇರೆ. ಹಾಗಾದರೆ ನರರೋಗ ತಜ್ಞರ ಹತ್ತಿರ ಹೋಗಿ. ಗೊಂದಲ ದಿಢೀರ್ ಅಂತ ಶುರುವಾದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.