ವಿಮಾನ ನಿಂತಾಗಲೂ ಪರೀಕ್ಷೆ ನಿಲ್ಲಲಿಲ್ಲ: ಮನೆಯಲ್ಲೇ ಕುಳಿತು ಐಇಎಲ್‌ಟಿಎಸ್, ಟೋಫೆಲ್‌ಗೆ ಸಿದ್ಧರಾಗುವುದು ಹೇಗೆ?

ಕೋವಿಡ್ ಕಾರಣಕ್ಕೆ ರಾಜ್ಯದ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ 2021ರ ಜೂನ್ 21ರವರೆಗೆ ಮುಂದುವರಿದಿತ್ತು. ಕೆನಡಾ ಆ ವರ್ಷದ ಏಪ್ರಿಲ್ 22ರಂದು ಭಾರತದ ನೇರ ವಿಮಾನಗಳನ್ನು ತಡೆಯಿತು. ಮರುದಿನವೇ ಬ್ರಿಟನ್ ನಮ್ಮನ್ನು ಪ್ರಯಾಣ ನಿರ್ಬಂಧದ ಕೆಂಪು ಪಟ್ಟಿಗೆ ಸೇರಿಸಿತು. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ಮುಚ್ಚಿದ ಗಡಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಆಗಿನ್ನೂ ತೆರೆದಿರಲಿಲ್ಲ. ಮೇ 4ರಿಂದ ನಿರ್ಬಂಧ ಹೇರಿದ್ದ ಅಮೆರಿಕ ಮಾತ್ರ, ಆಗಸ್ಟ್ 1ರಂದು ಅಥವಾ ಅನಂತರ ತರಗತಿ ಆರಂಭವಾಗುವ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟಿತ್ತು. ಆದರೂ ವಿಶ್ವವಿದ್ಯಾಲಯಗಳ ಪ್ರವೇಶದ ಗಡುವುಗಳು ವಿಮಾನಕ್ಕಾಗಿ ಕಾಯಲಿಲ್ಲ. ಆದ್ದರಿಂದ ಹೊರಡುವ ದಿನ ಗೊತ್ತಿಲ್ಲದಿದ್ದರೂ ಐಇಎಲ್‌ಟಿಎಸ್, ಟೋಫೆಲ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ ಕೈಯಲ್ಲಿರಬೇಕಾದ ಸ್ಥಿತಿಯಲ್ಲಿ ಅನೇಕ ವಿದ್ಯಾರ್ಥಿಗಳಿದ್ದರು. ಅವರಂತೆ ಮನೆಯಲ್ಲೇ ಕುಳಿತು ಯಾವ ಕ್ರಮದಲ್ಲಿ ತಯಾರಾಗಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪರೀಕ್ಷೆಯನ್ನು ಆರಿಸಿಕೊಳ್ಳಿ, ಆಮೇಲೆ ಪುಸ್ತಕ ತೆರೆಯಿರಿ

ಸಾಮಾನ್ಯವಾಗಿ ವಿದ್ಯಾರ್ಥಿಗಳು ಓದು ಶುರು ಮಾಡಿ, ಅರ್ಧ ದಾರಿಗೆ ಬಂದ ಮೇಲೆ ಯಾವ ಪರೀಕ್ಷೆ ಬರೆಯಬೇಕೆಂದು ವಿಚಾರಿಸುತ್ತಾರೆ. ಆ ಅಭ್ಯಾಸ ದುಬಾರಿಯಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಬರೆಯಬಹುದಾದ ಪರೀಕ್ಷೆಗಳು ಹಲವಿದ್ದವು: 2020ರಲ್ಲಿ ಆರಂಭವಾದ ಟೋಫೆಲ್ ಐಬಿಟಿಯ (ಅಂತರ್ಜಾಲದಲ್ಲಿ ಬರೆಯುವ ಟೋಫೆಲ್) ಹೋಂ ಎಡಿಷನ್, ಅದೇ ವರ್ಷ ಬಂದ ಐಇಎಲ್‌ಟಿಎಸ್ ಇಂಡಿಕೇಟರ್, ಮೊದಲಿನಿಂದಲೂ ಆನ್‌ಲೈನ್‌ನಲ್ಲೇ ಇದ್ದ ಡುವೊಲಿಂಗೊ ಇಂಗ್ಲಿಷ್ ಟೆಸ್ಟ್. ಡುವೊಲಿಂಗೊ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ, ಎರಡು ದಿನಗಳಲ್ಲಿ ಫಲಿತಾಂಶ ಬರುತ್ತದೆ, ಶುಲ್ಕವೂ ಕಡಿಮೆ. ಇದನ್ನು ಕೇಳಿದ ಕೂಡಲೇ ಅದಕ್ಕೇ ನೋಂದಾಯಿಸಿಕೊಳ್ಳಬೇಕೆನಿಸುವುದು ಸಹಜ.

ಆದರೆ ವಿಶ್ವವಿದ್ಯಾಲಯ ಒಪ್ಪುವ ಅಂಕವೇ ಬೇರೆ, ವೀಸಾ ಕಚೇರಿ ಒಪ್ಪುವ ಅಂಕವೇ ಬೇರೆ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಪ್ರತ್ಯೇಕ ಇಂಗ್ಲಿಷ್ ಪರೀಕ್ಷೆಯ ಷರತ್ತಿಲ್ಲ. ವಿಶ್ವವಿದ್ಯಾಲಯ ಒಪ್ಪಿದರೆ ಸಾಕು. ಹಾಗಾಗಿ ಅಲ್ಲಿಗೆ ಹೋಗುವವರಿಗೆ ಮನೆಯ ಪರೀಕ್ಷೆ ನಿಜಕ್ಕೂ ಅನುಕೂಲ. ಕೆನಡಾ 2024ರಲ್ಲಿ ನಿಲ್ಲಿಸಿದ ಎಸ್‌ಡಿಎಸ್ ಎಂಬ ತ್ವರಿತ ವೀಸಾ ಮಾರ್ಗದಲ್ಲಿ 2021ರಲ್ಲಿ ಅರ್ಜಿ ಹಾಕುವವರಿಗೆ ಡುವೊಲಿಂಗೊ ಆಗಲಿ ಇಂಡಿಕೇಟರ್ ಆಗಲಿ ನಡೆಯುತ್ತಿರಲಿಲ್ಲ. ಕೇಂದ್ರದಲ್ಲಿ ಬರೆದ ಐಇಎಲ್‌ಟಿಎಸ್‌ನ ಪ್ರತಿ ವಿಭಾಗದಲ್ಲೂ ಆಗ ಕನಿಷ್ಠ 6 ಬೇಕಿತ್ತು. ಆಸ್ಟ್ರೇಲಿಯಾದ ವೀಸಾಕ್ಕೂ ಮನೆಯಲ್ಲಿ ಬರೆದ ಟೋಫೆಲ್ ಸಲ್ಲುವುದಿಲ್ಲ. ಬ್ರಿಟನ್ನಿನಲ್ಲಿ ಪದವಿ ಮತ್ತು ಅದಕ್ಕೂ ಮೇಲಿನ ಕೋರ್ಸುಗಳಿಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಇಂಗ್ಲಿಷನ್ನು ತಾವೇ ಅಳೆಯಬಹುದಾದ ಕಾರಣ ಅಲ್ಲಿ ಸ್ವಲ್ಪ ಸಡಿಲಿಕೆ ಇದೆ, ಆದರೆ ಪ್ರತಿ ವಿಶ್ವವಿದ್ಯಾಲಯದ ನಿಯಮವನ್ನೂ ಅದರ ಜಾಲತಾಣದಲ್ಲೇ ಓದಿ ಖಚಿತಪಡಿಸಿಕೊಳ್ಳಬೇಕು. ಬ್ರಿಟನ್ನಿಗೆ ಹೋಗಬಯಸುವ ನರ್ಸ್‌ಗಳ ಲೆಕ್ಕವೇ ಬೇರೆ: ಅಲ್ಲಿನ ನರ್ಸಿಂಗ್ ಮಂಡಳಿಯು ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ 6.5, ಉಳಿದ ಮೂರು ವಿಭಾಗಗಳಲ್ಲಿ 7 ಕೇಳುತ್ತದೆ.

ಇನ್ನೊಂದು ಲೆಕ್ಕ ದಿನಾಂಕದ್ದು. ಈ ಪರೀಕ್ಷೆಗಳ ಅಂಕಗಳಿಗೆ ಎರಡು ವರ್ಷ ಮಾತ್ರ ಮಾನ್ಯತೆ. 2019ರ ಬೇಸಿಗೆಯಲ್ಲಿ ಐಇಎಲ್‌ಟಿಎಸ್ ಬರೆದು, ಗಡಿ ಮುಚ್ಚಿತೆಂದು ಪ್ರವೇಶವನ್ನು ಮುಂದೂಡಿದವರ ಅಂಕಪಟ್ಟಿಗಳ ಅವಧಿ 2021ರ ಅದೇ ತಿಂಗಳುಗಳಲ್ಲಿ ಮುಗಿಯಿತು. ಪ್ರವೇಶವನ್ನು ಮುಂದೂಡುವ ಸಂಭವವಿದ್ದರೆ, ಇಂದು ಬರೆಯುವ ಪರೀಕ್ಷೆಯ ಅಂಕ ಆಗಲೂ ಜೀವಂತವಾಗಿರುತ್ತದೆಯೇ ಎಂದು ನೋಡಿಕೊಂಡು ದಿನ ಗೊತ್ತುಮಾಡಿ.

ಹೆಸರಿನ ತೊಡಕು

ನೋಂದಣಿಯಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ.ಆರ್.’ ಎಂದಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಆ ಇನಿಷಿಯಲ್‌ಗಳನ್ನು ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಂದು ಬರೆದಿರುತ್ತಾರೆ, ಇಲ್ಲವೇ ಮನೆತನದ ಹೆಸರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಪರೀಕ್ಷೆಗೆ ಪಾಸ್‌ಪೋರ್ಟ್ ಗುರುತಿನ ದಾಖಲೆಯಾದ್ದರಿಂದ ಅದರಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ಹೆಚ್ಚು ಕಡಿಮೆಯಾಗದಂತೆ ಹೆಸರನ್ನು ತುಂಬಬೇಕು. ವಿಶ್ವವಿದ್ಯಾಲಯದ ಅರ್ಜಿಗೂ ಅದೇ ಹೆಸರಿರಲಿ. ಪಾಸ್‌ಪೋರ್ಟ್‌ನ ಅವಧಿ ಮುಗಿಯುವ ಹಂತದಲ್ಲಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಪರೀಕ್ಷೆಗೆ ಹಣ ಕಟ್ಟಿ.

ಪರೀಕ್ಷೆಯ ಮೈಕಟ್ಟು ತಿಳಿಯಿರಿ

ಹೆಚ್ಚಿನವರು ಬರೆಯುವುದು ಐಇಎಲ್‌ಟಿಎಸ್ ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೇಳುವ ವಿಭಾಗಕ್ಕೆ 30 ನಿಮಿಷ, 40 ಪ್ರಶ್ನೆ. ಓದುವ ವಿಭಾಗಕ್ಕೆ 60 ನಿಮಿಷ, 40 ಪ್ರಶ್ನೆ. ಬರವಣಿಗೆಗೆ 60 ನಿಮಿಷ, ಎರಡು ಬರಹ. ಮಾತಿಗೆ 11ರಿಂದ 14 ನಿಮಿಷ. ಅಂಕ 0ಯಿಂದ 9ರವರೆಗಿನ ಬ್ಯಾಂಡ್‌ಗಳಲ್ಲಿ ಬರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಒಟ್ಟು ಬ್ಯಾಂಡ್ ಎಂದರೆ ನಾಲ್ಕು ವಿಭಾಗಗಳ ಸರಾಸರಿ. ಅದನ್ನು ಹತ್ತಿರದ ಅರ್ಧಕ್ಕೆ ಹೊಂದಿಸುತ್ತಾರೆ. 7, 6.5, 6 ಮತ್ತು 5.5 ಬಂದರೆ ಸರಾಸರಿ 6.25, ಅದು 6.5 ಎಂದು ದಾಖಲಾಗುತ್ತದೆ. ನೋಡಲು ಚೆನ್ನಾಗಿಯೇ ಇದೆ. ಆದರೆ 2021ರಲ್ಲಿ ಆ 5.5 ಒಂದರಿಂದಲೇ ಕೆನಡಾದ ಎಸ್‌ಡಿಎಸ್ ಬಾಗಿಲು ಮುಚ್ಚುತ್ತಿತ್ತು. ಒಟ್ಟು ಅಂಕದ ಹಿಂದೆ ಬೀಳದೆ, ನಿಮಗೆ ಅತಿ ಕಷ್ಟವಾದ ವಿಭಾಗಕ್ಕೆ ದಿನದ ಅರ್ಧ ಸಮಯವನ್ನು ಕೊಡಿ ಎನ್ನುವುದಕ್ಕೆ ಇದೇ ಕಾರಣ. ಅದು ಯಾವುದೆಂದು ತಿಳಿಯಲು ಮೊದಲ ದಿನವೇ ಗಡಿಯಾರ ಇಟ್ಟುಕೊಂಡು ಒಂದು ಪೂರ್ಣ ಮಾದರಿ ಪರೀಕ್ಷೆ ಬರೆಯಿರಿ.

ಕಿವಿ ಮತ್ತು ಕಣ್ಣು

ಕೇಳುವ ವಿಭಾಗದಲ್ಲಿ ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಆದ್ದರಿಂದ ಮನೆಯ ಅಭ್ಯಾಸದಲ್ಲೂ ಹಿಂದಕ್ಕೆ ತಿರುಗಿಸಿ ಕೇಳುವ ಚಪಲವನ್ನು ಬಿಡಬೇಕು. ಉತ್ತರ ಬರೆದು ಮುಗಿಸಿದ ನಂತರ ತಪ್ಪು ಹುಡುಕುವುದಕ್ಕೆ ಮಾತ್ರ ಮತ್ತೆ ಕೇಳಬಹುದು. ಬ್ರಿಟಿಷ್, ಆಸ್ಟ್ರೇಲಿಯನ್, ಉತ್ತರ ಅಮೆರಿಕನ್ ಉಚ್ಚಾರಗಳು ಬೆರೆತು ಬರುವುದರಿಂದ ಬಿಬಿಸಿಯ ಜೊತೆಗೆ ಆಸ್ಟ್ರೇಲಿಯಾದ ಎಬಿಸಿ ರೇಡಿಯೊವನ್ನೂ ದಿನಕ್ಕೆ ಇಪ್ಪತ್ತು ನಿಮಿಷ ಕೇಳಿ. ಫೋನ್ ಸಂಖ್ಯೆ, ವಿಳಾಸ, ಅಕ್ಷರ ಅಕ್ಷರವಾಗಿ ಹೇಳುವ ಹೆಸರುಗಳನ್ನು ಬರೆದುಕೊಳ್ಳುವುದು ರೂಢಿಯಾಗಲಿ. ಕಾಗುಣಿತ ತಪ್ಪಿದರೆ ಉತ್ತರವೂ ತಪ್ಪೇ. ಎರಡು ಪದ ಮೀರಬಾರದು ಎಂದಿರುವಲ್ಲಿ ಮೂರು ಪದ ಬರೆದರೂ ತಪ್ಪೇ.

ಓದುವ ವಿಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಶ್ನೆಯನ್ನು ಮೊದಲು ಓದಿ, ಲೇಖನವನ್ನು ಆಮೇಲೆ ಓದಿ, ಒಂದು ಲೇಖನಕ್ಕೆ ಇಪ್ಪತ್ತು ನಿಮಿಷ ದಾಟಿಸಬೇಡಿ.

ಬರವಣಿಗೆಗೆ ಅಣೆಕಟ್ಟಿನ ನೀರಿನ ಮಟ್ಟ

ಉನ್ನತ ಓದಿಗೆ ಹೋಗುವವರು ಬರೆಯುವ ಅಕಾಡೆಮಿಕ್ ಪರೀಕ್ಷೆಯ ಮೊದಲ ಬರಹದಲ್ಲಿ ಸಾಮಾನ್ಯವಾಗಿ ಒಂದು ನಕ್ಷೆ ಅಥವಾ ಕೋಷ್ಟಕವನ್ನು ನೋಡಿ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಇದಕ್ಕೆ ದುಬಾರಿ ಪುಸ್ತಕ ಬೇಕಿಲ್ಲ. ಮುಂಗಾರಿನಲ್ಲಿ ಅಣೆಕಟ್ಟುಗಳ ನೀರಿನ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದ್ದು 1,819 ಅಡಿ. ಒಂದು ವಾರದ ಅಂಕಿಗಳನ್ನು ಪಟ್ಟಿ ಮಾಡಿ, ಎಲ್ಲಿ ನೀರು ವೇಗವಾಗಿ ಏರಿತು, ಎಲ್ಲಿ ನಿಂತಿತು, ಯಾವುದು ಭರ್ತಿಗೆ ಹತ್ತಿರವಿದೆ ಎಂಬುದನ್ನು ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷದೊಳಗೆ ಬರೆಯಿರಿ. ಮಳೆ ಏಕೆ ಬಂತೆಂದು ಬರೆಯಲು ಹೋಗಬೇಡಿ. ಕಣ್ಣೆದುರಿನ ಅಂಕಿ ಹೇಳದ ಕಾರಣವನ್ನು ಪರೀಕ್ಷಕರು ಕೇಳುವುದಿಲ್ಲ.

ಎರಡನೆಯ ಬರಹ 250 ಪದಗಳ ಪ್ರಬಂಧ. ಇದಕ್ಕೆ ಮೊದಲನೆಯದರ ಎರಡರಷ್ಟು ತೂಕವಿರುವುದರಿಂದ 40 ನಿಮಿಷ ಉಳಿಸಿಕೊಳ್ಳಲೇಬೇಕು. ಪಿಯುಸಿಯಲ್ಲಿ ಗೈಡ್ ಉರುಹೊಡೆದು ಗೆದ್ದವರಿಗೆ ಇಲ್ಲೊಂದು ಎಚ್ಚರಿಕೆ: ಬಾಯಿಪಾಠದ ಪ್ರಬಂಧವನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿ ಇರುತ್ತದೆ.

ಕನ್ನಡದಲ್ಲಿ ಯೋಚಿಸಿ ಬರೆಯುವಾಗ ಎರಡು ತಪ್ಪುಗಳು ಮತ್ತೆ ಮತ್ತೆ ನುಸುಳುತ್ತವೆ. ‘ಪುಸ್ತಕ ಓದಿದೆ’ ಎಂದರೆ ನಮಗೆ ಸಾಕು, ಆದರೆ ಇಂಗ್ಲಿಷಿನಲ್ಲಿ ಯಾವುದೋ ಒಂದು ಪುಸ್ತಕವಾದರೆ ‘ಎ’, ಆಗಲೇ ಹೇಳಿದ ಪುಸ್ತಕವಾದರೆ ‘ದ’ ಬೇಕು. ಎರಡನೆಯದು ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಆಗಿಬಿಡುವುದು. ಅಲ್ಲಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್’ ಎನ್ನಬೇಕು. ಪ್ರಬಂಧ ಮುಗಿದ ಮೇಲೆ ಮೂರು ನಿಮಿಷ ಈ ಎರಡನ್ನೇ ಹುಡುಕಿ ತಿದ್ದಿದರೆ ಬರಹದ ವ್ಯಾಕರಣ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ.

ಮಾತಾಡಲು ಯಾರೂ ಇಲ್ಲದಾಗ

ಲಾಕ್‌ಡೌನ್‌ನಲ್ಲಿ ಕೋಚಿಂಗ್ ಕೇಂದ್ರಗಳು ಮುಚ್ಚಿದ್ದಾಗ ಹೆಚ್ಚು ಪೆಟ್ಟು ಬಿದ್ದದ್ದು ಮಾತಿನ ಅಭ್ಯಾಸಕ್ಕೆ. ಪರೀಕ್ಷೆಯ ನಡುವಿನ ಭಾಗದಲ್ಲಿ ಒಂದು ವಿಷಯ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಒಂದರಿಂದ ಎರಡು ನಿಮಿಷ ಮಾತಾಡಿಸುತ್ತಾರೆ. ನಿಮ್ಮೂರಿನ ಜಾತ್ರೆ, ಅಜ್ಜಿಯ ಮನೆ, ಕೊನೆಯ ಬಾರಿ ಮಾಡಿದ ಪ್ರಯಾಣ ಹೀಗೆ ಒಂದು ವಿಷಯ ಆರಿಸಿ, ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಕೇಳುತ್ತ, ಆಡಿದ್ದನ್ನು ಆಡಿದಂತೆಯೇ ಹಾಳೆಯ ಮೇಲೆ ಇಳಿಸಿ. ಎಲ್ಲಿ ತಡವರಿಸಿದಿರಿ, ಯಾವ ಪದಕ್ಕೆ ಐದು ಸಲ ಜೋತುಬಿದ್ದಿರಿ ಎಂಬುದು ಆಗ ಕಾಣುತ್ತದೆ. ಮುಜುಗರದ ಕೆಲಸವೇ ಸರಿ, ಆದರೆ ಇಷ್ಟು ಉಪಯುಕ್ತವಾದ ಇನ್ನೊಂದು ಅಭ್ಯಾಸ ನನಗೆ ಗೊತ್ತಿಲ್ಲ. ಇದೇ ಪರೀಕ್ಷೆಗೆ ಓದುತ್ತಿರುವ ಸ್ನೇಹಿತರಿದ್ದರೆ ವಾರಕ್ಕೆ ಮೂರು ದಿನ ವಿಡಿಯೊ ಕರೆಯಲ್ಲಿ ಒಬ್ಬರು ಪರೀಕ್ಷಕರಾಗಿ, ಒಬ್ಬರು ಅಭ್ಯರ್ಥಿಯಾಗಿ ಮಾತಾಡಬಹುದು.

ಉಚ್ಚಾರದಲ್ಲಿ ವಿದೇಶಿಯರಂತೆ ನಾಲಿಗೆ ತಿರುಚುವ ಅಗತ್ಯವಿಲ್ಲ; ಮಾತು ಸುಲಭವಾಗಿ ಅರ್ಥವಾಗಬೇಕು, ಅಷ್ಟೇ. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುತ್ತದೆ, ‘ಓಲ್ಡ್’ ಎಂಬುದು ‘ವೋಲ್ಡ್’ ಆಗುತ್ತದೆ, ಕೆಲವು ಕಡೆ ‘ಹಾಲ್’ ಮತ್ತು ‘ಆಲ್’ ಅದಲುಬದಲಾಗುತ್ತವೆ. ಕನ್ನಡದಲ್ಲಿ ‘ವ’ ಒಂದೇ ಇರುವುದರಿಂದ ಪಶ್ಚಿಮ ದಿಕ್ಕಿಗೂ ಬನಿಯನ್ನಿಗೂ ನಾವು ‘ವೆಸ್ಟ್’ ಎಂದೇ ಬರೆಯುತ್ತೇವೆ, ಹಾಗೆಯೇ ನುಡಿಯುತ್ತೇವೆ. ದಿಕ್ಕನ್ನು ಹೇಳುವಾಗ ತುಟಿಗಳನ್ನು ದುಂಡಗೆ ಮಾಡಬೇಕು, ಬಟ್ಟೆಯನ್ನು ಹೇಳುವಾಗ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು.

ಮನೆಯೇ ಪರೀಕ್ಷಾ ಕೇಂದ್ರವಾದಾಗ

ಟೋಫೆಲ್ ಹೋಂ ಎಡಿಷನ್ ಆರಿಸಿಕೊಂಡವರು ಓದಿನಷ್ಟೇ ಗಮನವನ್ನು ಕೋಣೆಗೂ ಕೊಡಬೇಕು. ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್ ಬೇಕು. ಮೊಬೈಲ್, ಟ್ಯಾಬ್ ಸಲ್ಲದು. ಹೆಡ್‌ಫೋನ್ ಹಾಕುವಂತಿಲ್ಲ, ಧ್ವನಿ ಸ್ಪೀಕರ್‌ನಲ್ಲೇ ಬರಬೇಕು, ಕಿವಿಗಳು ಕಾಣುತ್ತಿರಬೇಕು, ಮಾಸ್ಕ್ ಇರಕೂಡದು. ಟಿಪ್ಪಣಿಗೆ ಕಾಗದ ಬಳಸುವಂತಿಲ್ಲ. ಅಳಿಸಬಹುದಾದ ಸಣ್ಣ ವೈಟ್‌ಬೋರ್ಡ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮೊದಲೇ ತಂದಿಟ್ಟುಕೊಳ್ಳಿ. ಮೇಲ್ವಿಚಾರಕರು ಕ್ಯಾಮೆರಾದ ಮೂಲಕ ಇಡೀ ಕೋಣೆಯನ್ನು ತೋರಿಸಲು ಹೇಳುತ್ತಾರೆ. ಪರದೆಯ ಅಂಚನ್ನು ತೋರಿಸಲು ಒಂದು ಕೈಗನ್ನಡಿ ಬೇಕಾಗುತ್ತದೆ. ಮಂಚದ ಮೇಲೆ ಕುಳಿತು ಬರೆಯುವಂತಿಲ್ಲ.

ಇವೆಲ್ಲ ನಿಯಮಪುಸ್ತಕದಲ್ಲಿವೆ. ಅದರಲ್ಲಿ ಇಲ್ಲದವು ಕುಕ್ಕರಿನ ಸೀಟಿ, ತಗಡಿನ ಮಾಡಿನ ಮೇಲಿನ ಮಳೆ ಮತ್ತು ‘ಕಾಫಿ ಬೇಕೇನೋ?’ ಎಂದು ಬಾಗಿಲು ತಳ್ಳುವ ಅತ್ತೆ. ಪರೀಕ್ಷೆಯ ನಡುವೆ ಬೇರೊಬ್ಬರು ಒಳಗೆ ಬಂದರೆ ಪರೀಕ್ಷೆಯೇ ರದ್ದಾಗಬಹುದು. ಹಾಗಾಗಿ ಮನೆಯವರಿಗೆಲ್ಲ ಹಿಂದಿನ ದಿನವೇ ಹೇಳಿ, ಬಾಗಿಲಿಗೆ ಚೀಟಿ ಅಂಟಿಸಿ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ವೈಫೈ ಪೆಟ್ಟಿಗೆಗೆ ಯುಪಿಎಸ್ ಇರಲಿ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರಿನವರು ಈ ಸಾಹಸಕ್ಕೆ ಕೈಹಾಕುವುದಕ್ಕಿಂತ ಕೇಂದ್ರಕ್ಕೆ ಹೋಗಿ ಬರೆಯುವುದೇ ವಾಸಿ.

ಕೇಂದ್ರಕ್ಕೆ ಹೋಗುವವರು, ಬರೆದು ಬಂದವರು

  ವಿಶ್ವವಿದ್ಯಾಲಯದ ಗಡುವಿನಿಂದ ಹಿಂದಕ್ಕೆ ಎಣಿಸಿ, ಇನ್ನೊಮ್ಮೆ ಬರೆಯಬೇಕಾಗಿ ಬಂದರೂ ಸಮಯವಿರುವಂತೆ ದಿನ ಆರಿಸಿ. ಕಂಪ್ಯೂಟರ್‌ನಲ್ಲಿ ಬರೆದ ಐಇಎಲ್‌ಟಿಎಸ್‌ನ ಫಲಿತಾಂಶ ಒಂದು ವಾರದೊಳಗೆ ಸಿಗುತ್ತದೆ. 2021ರಲ್ಲಿ ಕಾಗದದ ಮೇಲೆ ಬರೆದದ್ದಕ್ಕೆ 13 ದಿನ ಕಾಯಬೇಕಿತ್ತು. ದೂರದ ಊರಿನವರು ಹಿಂದಿನ ದಿನವೇ ತಲುಪಿ, ಮೂಲ ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡಿರಲಿ. ನಕಲು ಪ್ರತಿ ತೋರಿಸಿದರೆ ಒಳಗೆ ಬಿಡುವುದಿಲ್ಲ.

2021ರಲ್ಲಿ ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ಕೋವಿಡ್ ಲಸಿಕೆಯ ಕೆಲಸವನ್ನೂ ಮುಗಿಸಿಕೊಳ್ಳಬಹುದಿತ್ತು. ವಿದೇಶಕ್ಕೆ ಓದಲು ಹೋಗುವವರು ಕೋವಿಶೀಲ್ಡ್‌ನ ಎರಡನೆಯ ಡೋಸನ್ನು 84 ದಿನ ಕಾಯದೆ 28 ದಿನಗಳ ನಂತರ ಪಡೆಯಲು ಕೇಂದ್ರ ಸರ್ಕಾರ ಆ ವರ್ಷದ ಜೂನ್ 7ರಂದು ಅವಕಾಶ ಕೊಟ್ಟಿತ್ತು. ಪ್ರವೇಶಪತ್ರ ತೋರಿಸಿ, ಲಸಿಕೆ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರುವಂತೆ ನೋಡಿಕೊಳ್ಳಬೇಕಿತ್ತು. ಇನ್ನು ಬಂದ ಅಂಕ ತೀರಾ ಅನಿರೀಕ್ಷಿತವಾಗಿ ಕಡಿಮೆಯಾಗಿದ್ದರೆ, ಅದರಲ್ಲೂ ಬರವಣಿಗೆ ಅಥವಾ ಮಾತಿನಲ್ಲಿ ಅರ್ಧ ಬ್ಯಾಂಡ್‌ನಿಂದ ತಪ್ಪಿಹೋಗಿದ್ದರೆ, ಐಇಎಲ್‌ಟಿಎಸ್‌ನಲ್ಲಿ ಪರೀಕ್ಷೆಯ ದಿನದಿಂದ ಆರು ವಾರಗಳೊಳಗೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಅಂಕ ಏರಿದರೆ ಅದಕ್ಕೆ ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ.