ತಿಗರಿ ಮುಂದೆ ಮೊದಲ ದಿನ: ಕಪ್ ಆಮೇಲೆ, ಮಣ್ಣು ನಡುವಿಗೆ ಬರಲಿ

ಭಾನುವಾರ ಹೊಸಬರಿಗೆ ತಿಗರಿಯ, ಅಂದರೆ ಮಡಕೆ ಮಾಡುವ ಚಕ್ರದ, ಕೆಲಸ ಹೇಳಿಕೊಡುತ್ತೇನೆ. ಬಂದವರೆಲ್ಲರಿಗೂ ಅವತ್ತೇ ಒಂದು ಕಪ್ ಮಾಡಿ ಮನೆಗೆ ಒಯ್ಯುವ ಆಸೆ. ಚಕ್ರ ತಿರುಗಿ ಅರ್ಧ ನಿಮಿಷ ಆಗಿರುವುದಿಲ್ಲ, ಆಗಲೇ ಹೆಬ್ಬೆರಳನ್ನು ಮಣ್ಣಿನೊಳಗೆ ಇಳಿಸಿರುತ್ತಾರೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮೇಲೆತ್ತಲು ಹೋದರೆ ತೆಳುವಾದ ಕಡೆ ಹರಿದು ಕುಸಿಯುತ್ತದೆ. ‘ನನ್ನ ಕೈಗೆ ಇದು ಒಗ್ಗಲ್ಲ ಬಿಡಿ’ ಎಂದು ಎದ್ದು ಹೋಗುತ್ತಾರೆ. ಅದನ್ನು ನೋಡಿದಾಗ ನಿಜಕ್ಕೂ ಬೇಜಾರಾಗುತ್ತದೆ. ಅವರ ಕೈಯಲ್ಲಿ ಏನೂ ತಪ್ಪಿರುವುದಿಲ್ಲ, ಒಂದು ಹಂತ ಹಾರಿರುತ್ತಾರೆ, ಅಷ್ಟೇ.

ಮಣ್ಣು

ಮೊದಲ ಮಣ್ಣನ್ನು ಹದ ಮಾಡಿದ್ದೇ ಕೊಳ್ಳಿ. ಬೆಂಗಳೂರಿನವರಾದರೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ ಅಲ್ಲಿನ ಕುಂಬಾರರನ್ನೇ ಕೇಳಿ. ಊರಲ್ಲಿದ್ದರೆ ಹತ್ತಿರದ ಕುಂಬಾರರ ಮನೆಗಿಂತ ಒಳ್ಳೆಯ ಜಾಗ ಇಲ್ಲ. ಮಣ್ಣನ್ನು ಬೆರಳು ದಪ್ಪದ ಬತ್ತಿ ಮಾಡಿ ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದೆ ಸುತ್ತಿಕೊಂಡರೆ ಅದು ತಿಗರಿಗೆ ಆಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ‘ಸುಡುವುದೇ ಬೇಡ’ ಎನ್ನುವ ಮಣ್ಣು ಕೊಳ್ಳಬೇಡಿ. ಅದರಲ್ಲಿ ಮಾಡಿದ ಪಾತ್ರೆ ನೀರು ತಾಳುವುದಿಲ್ಲ. ಬ್ಯಾಟರಿ ಹಾಕುವ ಪುಟ್ಟ ಚಕ್ರವೂ ಬೇಡ. ಕೈಯಿಂದ ಸ್ವಲ್ಪ ಒತ್ತಿದರೆ ಸಾಕು, ನಿಂತುಬಿಡುತ್ತದೆ.

ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಮಣ್ಣು ಸಾಕು. ಚಪಾತಿ ಹಿಟ್ಟಿನ ಹಾಗೆ ಮಡಚಬೇಡಿ, ಒಳಗೆ ಗಾಳಿ ಸೇರುತ್ತದೆ. ಅಂಗೈಯಿಂದ ಮುಂದಕ್ಕೆ ಒತ್ತಿ, ನಿಮ್ಮ ಕಡೆಗೆ ಉರುಳಿಸಿಕೊಂಡು ಮತ್ತೆ ಒತ್ತಿ. ಐವತ್ತು ಸಲವಾದರೂ ನಾದಿ. ಆಮೇಲೆ ದಾರದಿಂದ ಕತ್ತರಿಸಿ ನೋಡಿ. ಒಳಗೆ ತೂತು, ಗಂಟು ಕಂಡರೆ ಇನ್ನಷ್ಟು ನಾದಿ.

ನಡುವಿಗೆ ತರುವುದು

ಸ್ಟುಡಿಯೋಗಳಲ್ಲಿ ಇದನ್ನು ಸೆಂಟರಿಂಗ್ ಅನ್ನುತ್ತಾರೆ. ತಿಗರಿ ಸುತ್ತುವಾಗ ಮಣ್ಣಿನ ಮುದ್ದೆ ಒಂದಿಷ್ಟೂ ಓಲಾಡದೆ ನಿಲ್ಲಬೇಕು.

ಮುದ್ದೆಯನ್ನು ಒಣಗಿದ ಚಕ್ರದ ಮೇಲೆ ಜೋರಾಗಿ ಅಪ್ಪಳಿಸಿ. ಚಕ್ರ ಒದ್ದೆಯಿದ್ದರೆ ಮಣ್ಣು ಜಾರುತ್ತದೆ. ಚಕ್ರ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಲಿ. ಎಡಗೈಯವರು ದಿಕ್ಕನ್ನೂ ಕೈಗಳನ್ನೂ ಅದಲು ಬದಲು ಮಾಡಿಕೊಳ್ಳಿ. ವೇಗ ಜಾಸ್ತಿಯೇ ಇರಲಿ. ಹೊಸಬರು ಹೆದರಿ ನಿಧಾನ ಮಾಡುತ್ತಾರೆ, ಆದರೆ ನಿಧಾನಕ್ಕೆ ತಿರುಗುವ ಮಣ್ಣನ್ನು ಹಿಡಿಯುವುದೇ ಕಷ್ಟ.

ಈಗ ಮೊಣಕೈ. ಎಲ್ಲರೂ ಎಡವುವುದು ಇಲ್ಲೇ. ಎಡ ಮೊಣಕೈಯನ್ನು ಎಡ ತೊಡೆಗೆ ಊರಿ, ಅಲ್ಲೇ ಬೀಗ ಹಾಕಿದ ಹಾಗೆ ಇಡಿ. ಎಡ ಅಂಗೈಯ ಬುಡದಿಂದ ಮುದ್ದೆಯ ಪಕ್ಕಕ್ಕೆ ಒತ್ತು ಕೊಡಿ. ಬಲಗೈ ಮೇಲಿನಿಂದ ಕೆಳಕ್ಕೆ ಒತ್ತಲಿ. ಎರಡೂ ಕೈ ಒಂದಕ್ಕೊಂದು ತಾಗಿರಲಿ. ಬಲ ಬರಬೇಕಾದ್ದು ತೋಳಿಂದಲ್ಲ. ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಮೈಭಾರ ತಾನಾಗಿ ಕೈಗೆ ಇಳಿಯುತ್ತದೆ. ಮಣ್ಣು ತಳ್ಳಿದಾಗ ಕೈಯೂ ಹಿಂದೆ ಮುಂದೆ ಆಡುತ್ತಿದೆ ಎಂದರೆ ಮಣ್ಣು ಹೇಳಿದಂತೆ ನೀವು ಕುಣಿಯುತ್ತಿದ್ದೀರಿ. ಕೈ ಕಲ್ಲಿನ ಹಾಗೆ ನಿಂತರೆ ಮಣ್ಣು ಕೈಗೆ ಹೊಂದಿಕೊಳ್ಳುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ.

ಆಮೇಲೆ ಎರಡೂ ಅಂಗೈಯಿಂದ ಬುಡವನ್ನು ಹಿಚುಕುತ್ತಾ ಮಣ್ಣನ್ನು ಶಂಕುವಿನ ಆಕಾರಕ್ಕೆ ಮೇಲೆತ್ತಿ. ತುದಿಯನ್ನು ಬಲ ಅಂಗೈಯಿಂದ ಕೆಳಕ್ಕೆ ತಳ್ಳಿ, ಎಡಗೈ ಪಕ್ಕದಲ್ಲಿ ತಡೆ ಕೊಡುತ್ತಿರಲಿ. ತಡೆ ಬಿಟ್ಟರೆ ಮೇಲ್ಭಾಗ ಅಣಬೆಯ ಹಾಗೆ ಹರಡಿ, ಅದರ ಅಡಿಯಲ್ಲಿ ನೀರು, ಗಾಳಿ ಸಿಕ್ಕಿಕೊಳ್ಳುತ್ತದೆ. ಹೀಗೆ ಏರಿಸಿ ಇಳಿಸುವುದನ್ನು ಮೂರು ಸಲ ಮಾಡಿ.

ಕೈ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮಣ್ಣು ನಡುವಿಗೆ ಬಂತು ಅನ್ನುವ ಖುಷಿಗೆ ಕೈಯನ್ನು ತಟ್ಟನೆ ಎಳೆದರೆ ಅದು ಮತ್ತೆ ಓಲಾಡುತ್ತದೆ. ಒತ್ತು ಸಡಿಲಿಸುತ್ತಾ, ಚಕ್ರ ಮೂರ್ನಾಲ್ಕು ಸುತ್ತು ಬರುವಷ್ಟು ಹೊತ್ತು ತೆಗೆದುಕೊಂಡು ಕೈ ಬಿಡಿ.

ಬಂದಿದೆಯೋ ಇಲ್ಲವೋ ನೋಡಲು ಕಣ್ಣು ನಂಬಬೇಡಿ. ಒಂದು ಬೆರಳ ತುದಿಯನ್ನು ಮುದ್ದೆಯ ಪಕ್ಕಕ್ಕೆ ಹಗುರವಾಗಿ ತಾಗಿಸಿ ಕಣ್ಣು ಮುಚ್ಚಿ. ಬೆರಳಿಗೆ ತಟ್‌ ತಟ್‌ ಎಂದು ಬಡಿದರೆ ಇನ್ನೂ ಬಂದಿಲ್ಲ. ತಿಗರಿ ನಿಂತೇ ಹೋಯಿತೇನೋ ಅನ್ನಿಸಿದರೆ ಬಂದಿದೆ.

ನೀರಿನ ವಿಷಯ. ಕೈ ಜಾರುವಷ್ಟು ನೀರು ಸಾಕು. ಸುಮ್ನೆ ಸುರಿಯುತ್ತಾ ಹೋದರೆ ಮಣ್ಣು ಸೋತು ಕೆಸರಾಗುತ್ತದೆ. ಒಂದೇ ಮುದ್ದೆ ಹತ್ತು ನಿಮಿಷಕ್ಕೂ ಬರದಿದ್ದರೆ ಅದನ್ನು ಪಕ್ಕಕ್ಕಿಟ್ಟು ಹೊಸದು ತಗೊಳ್ಳಿ. ಮೊದಲ ಎರಡು ಕ್ಲಾಸು ಇದನ್ನೇ ಮಾಡಿ, ಮುದ್ದೆಯಲ್ಲಿ ಕುಳಿ ತೆರೆಯಲು ಹೋಗಬೇಡಿ.

ತೆರೆಯುವುದು, ಎತ್ತುವುದು

ಹೆಬ್ಬೆರಳಿನಿಂದ ನಡುವೆ ಕುಳಿ ಮಾಡಿ, ತಳದಲ್ಲಿ ಸುಮಾರು 8 ಮಿ.ಮೀ. ಮಣ್ಣು ಉಳಿಸಿ. ಸೂಜಿ ಚುಚ್ಚಿ ಅಳೆಯಿರಿ. ತಳವನ್ನು ಬೆರಳಿಂದ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಒತ್ತಿ ಗಟ್ಟಿ ಮಾಡಿ. ಇದನ್ನು ಬಿಟ್ಟರೆ ಒಣಗುವಾಗ ತಳ ಸೀಳುತ್ತದೆ. ವೇಗ ತಗ್ಗಿಸಿ, ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಟ್ಟು, ಗೋಡೆಯನ್ನು ಬುಡದಿಂದ ಬಾಯಿಯವರೆಗೆ ಮೂರು ಸಲ ಎತ್ತಿ. ಮೂರರಲ್ಲಿ ಮುಗಿಸಿ. ನಾಲ್ಕನೆಯದು ಹೊಸಬರ ಕೈಯಲ್ಲಿ ಮಡಕೆ ಬೀಳಿಸುತ್ತದೆ.

ಮೊದಲ ಹತ್ತು ಪಾತ್ರೆಗಳನ್ನು ದಾರದಿಂದ ನಡುವೆ ಸೀಳಿ ನೋಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಸೀಳಿ. ಬುಡದಲ್ಲಿ ಎಷ್ಟು ಮಣ್ಣು ಬಿಟ್ಟಿದ್ದೀರಿ, ಎಲ್ಲಿ ತೆಳುವಾಯಿತು ಎನ್ನುವುದು ಅಲ್ಲೇ ಕಾಣುತ್ತದೆ. ಸೀಳಿದ ಮಣ್ಣು ಹಾಳಾಗುವುದಿಲ್ಲ, ಮತ್ತೆ ನಾದಿದರಾಯಿತು. ಆದರೆ ಕೈ ತೊಳೆದ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್‌ನಲ್ಲಿ ಮಣ್ಣು ತಳಕ್ಕೆ ಇಳಿದ ಮೇಲೆ ಮೇಲಿನ ನೀರನ್ನು ಗಿಡಕ್ಕೆ ಹಾಕಿ. ನೆಲದ ಒಣ ಮಣ್ಣನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಒಣಗಿಸಿ ಸುಡುವುದು

ಬಿಸಿಲಿಗೆ ಇಡಬೇಡಿ. ತೆಳು ಪ್ಲಾಸ್ಟಿಕ್ ಹೊದಿಸಿ ನೆರಳಲ್ಲಿ ವಾರ ಬಿಡಿ. ಆಮೇಲೆ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಸುಡುವಾಗ ಮಡಕೆ ಸಿಡಿಯುವುದು ಗಾಳಿಗುಳ್ಳೆಯಿಂದ ಎಂದು ಜನ ಹೇಳುತ್ತಾರೆ. ನಿಜವಾದ ಕಾರಣ ಈ ನೀರು. 100 ಡಿಗ್ರಿ ದಾಟುವಾಗ ಅದು ಆವಿಯಾಗಿ ಗೋಡೆಯನ್ನು ಒಡೆಯುತ್ತದೆ.

ಸುಡಲು ಹತ್ತಿರದ ಸ್ಟುಡಿಯೋದ ಕಿಲ್ನ್ ಆಗಬಹುದು, ಕುಂಬಾರರ ಆವಿಗೆಯೂ ಆಗಬಹುದು. ಕೊಡುವ ಮೊದಲು ಯಾವ ಮಣ್ಣು ಎಂದು ಹೇಳಲೇಬೇಕು. ನಮ್ಮ ಕೆಂಪು ಮಣ್ಣು ಸಾಮಾನ್ಯವಾಗಿ 900ರಿಂದ 1000 ಡಿಗ್ರಿಗೆ ಸರಿಯಾಗುತ್ತದೆ. ಅದನ್ನೇ ಇನ್ನೂ ಹೆಚ್ಚು ಬಿಸಿಯಲ್ಲಿ ಬೇಯುವ ಸ್ಟೋನ್‌ವೇರ್ ಮಣ್ಣಿನ ಜೊತೆ 1200 ಡಿಗ್ರಿ ದಾಟಿಸಿದರೆ ಕರಗಿ ಕಿಲ್ನ್‌ನ ಹಲಗೆಗೆ ಅಂಟಿಕೊಳ್ಳಬಹುದು. ಊಟ, ಕುಡಿಯುವ ಪಾತ್ರೆಗೆ ಸೀಸ ಇಲ್ಲದ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಎಂದು ಕೇಳಿಯೇ ಹಾಕಿಸಿ.

ಸುಟ್ಟು ಆರಿದ ಮೇಲೆ ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟಣ್ ಎಂದರೆ ಚೆನ್ನಾಗಿ ಬೆಂದಿದೆ. ಬೊದ್ದು ಸದ್ದು ಬಂದರೆ ಎಲ್ಲೋ ಬಿರುಕಿದೆ, ಅಥವಾ ಬೇಯುವುದು ಸಾಲದು.