ಮಗುವಿಗೆ ವಿಡಿಯೋ ಗೇಮ್ ಗಿಫ್ಟ್: ಅಂಗಡಿಗೆ ಹೋಗುವ ಮುನ್ನ

ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದರೆ ಈಗಿನ ಮಕ್ಕಳು ಬಟ್ಟೆ, ಸೈಕಲ್ ಅನ್ನುವುದು ಕಡಿಮೆ. ‘ಕೈಯಲ್ಲಿ ಹಿಡ್ಕೊಂಡು ಆಡೋ ಗೇಮ್ ಕೊಡ್ಸಿ ಮಾಮ’ ಅನ್ನುತ್ತಾರೆ. ಆಯಿತು ಅಂತ ಹುಡುಕಲು ಕೂತರೆ 500 ರೂಪಾಯಿಗೂ ಒಂದು ಸಿಗುತ್ತದೆ, 70 ಸಾವಿರಕ್ಕೂ ಒಂದು ಸಿಗುತ್ತದೆ. ಫೋಟೊದಲ್ಲಿ ಎರಡೂ ಒಂದೇ ತರ: ನಡುವೆ ಸ್ಕ್ರೀನ್, ಎಡಕ್ಕೂ ಬಲಕ್ಕೂ ಬಟನ್. ಹೆಚ್ಚಿನವರು ಜೇಬು ನೋಡಿ ಮಷಿನ್ ಆರಿಸಿಬಿಡುತ್ತಾರೆ. ಉಲ್ಟಾ ಮಾಡಿ. ಮಗು ಯಾವ ಆಟ ಆಡುತ್ತದೆ ಅನ್ನುವುದು ಮೊದಲು ಗೊತ್ತಾಗಲಿ. ಅದು ಓಡುವ ಮಷಿನ್ ಆಮೇಲೆ.

1. ಅಪ್ಪ ಅಮ್ಮನಿಗೆ ಫೋನ್ ಮಾಡಿ

ಸರ್‌ಪ್ರೈಸ್ ಮಗುವಿಗೆ ಇರಲಿ, ಅದರ ಅಪ್ಪ ಅಮ್ಮನಿಗೆ ಬೇಡ. ದಿನಾ ಸಂಜೆ ‘ಸಾಕು, ಇಡು ಕೆಳಗೆ’ ಅಂತ ಗಂಟಲು ಹರಿದುಕೊಳ್ಳಬೇಕಾದವರು ಅವರು, ನೀವಲ್ಲ. ಬೇಡ ಅಂದರೆ ಅಲ್ಲಿಗೇ ಬಿಡಿ. ಸರಿ ಅಂದರೆ ಇನ್ನೆರಡು ವಿಷಯ ಕೇಳಿ. ಮನೆಯಲ್ಲಿ ಈಗಾಗಲೇ ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ ಏನಾದರೂ ಇದೆಯಾ? ಮಗುವಿನ ಫ್ರೆಂಡ್ಸ್ ಯಾವುದರಲ್ಲಿ ಆಡುತ್ತಾರೆ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಒಂದೇ ಜಾತಿಯ ಮಷಿನ್ ಇದ್ದರೆ ಮಕ್ಕಳು ಗೇಮ್ ಕಾರ್ಡ್, ಅಂದರೆ ಆಟ ತುಂಬಿದ ಪುಟಾಣಿ ಕಾರ್ಡ್, ಬದಲಾಯಿಸಿಕೊಳ್ಳಬಹುದು. ಕಾರ್ಡಿನ ಬೆಲೆ ಕೇಳಿದ ಮೇಲೆ ಇದು ಎಷ್ಟು ದೊಡ್ಡ ಉಳಿತಾಯ ಅಂತ ನಿಮಗೇ ತಿಳಿಯುತ್ತದೆ.

ಮಗುವಿಗೆ ಫಿಟ್ಸ್ ಬಂದ ಇತಿಹಾಸ ಇದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ. ಮಿನುಗುವ ಬೆಳಕು ಕೆಲವರಿಗೆ ಆಗಿಬರುವುದಿಲ್ಲ.

2. ಡಬ್ಬಿಯ ಮೇಲಿನ ವಯಸ್ಸು ಓದಿ

ಆಟದ ಡಬ್ಬಿಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ಯುರೋಪಿನ ಮಾಲಾದರೆ ಅದರಲ್ಲಿ ಪೆಗಿ ಅಂತ ಇದ್ದು, 3, 7, 12, 16, 18 ಇವುಗಳಲ್ಲಿ ಒಂದು ಅಂಕಿ ಇರುತ್ತದೆ. ಅದೇ ಕನಿಷ್ಠ ವಯಸ್ಸು. ಅಮೆರಿಕದ್ದಾದರೆ ಅಕ್ಷರ: ಇ ಅಂದರೆ ಎಲ್ಲರಿಗೂ, ಟಿ 13 ದಾಟಿದವರಿಗೆ, ಎಂ 17 ದಾಟಿದವರಿಗೆ. ಹೊಡೆದಾಟ, ರಕ್ತ, ಕೆಟ್ಟ ಮಾತು ಎಷ್ಟಿದೆ ಅನ್ನುವುದಕ್ಕೆ ಇದು ಗುರುತು. ಆಟ ಸುಲಭವೋ ಕಷ್ಟವೋ ಅಂತ ಇದು ಹೇಳುವುದಿಲ್ಲ. ಪೆಗಿ 3 ಅಂತ ಬರೆದಿದ್ದರೂ ಮೂರು ವರ್ಷದ ಮಗುವಿಗೆ ಆಡಲು ಬರಬೇಕಲ್ಲ?

ಇನ್ನೊಂದು ಮಾತು, ಇದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ. ತುಂಬಾ ಆಟಗಳಲ್ಲಿ ಪುಟಗಟ್ಟಲೆ ಇಂಗ್ಲಿಷ್ ಓದಬೇಕು. ಇನ್ನೂ ಅಕ್ಷರ ಕೂಡಿಸಿ ಓದುವ ಮಗುವಿಗೆ ಕತೆ ಜಾಸ್ತಿ ಇರುವ ಆಟ ಕೊಟ್ಟರೆ ಅದು ಕಪಾಟು ಸೇರುತ್ತದೆ. ಜಿಗಿಯುವುದು, ಓಡುವುದು, ಕಾರ್ ರೇಸ್ ಸಾಕು. ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಇದಕ್ಕೆ ಒಳ್ಳೆ ಉದಾಹರಣೆ: ಪೆಗಿ 3, ಓದುವ ಕೆಲಸ ಕಡಿಮೆ, ಅಣ್ಣ ತಂಗಿ ಒಟ್ಟಿಗೆ ಆಡಬಹುದು.

3. ಚಿಕ್ಕ ಮಕ್ಕಳಿಗೆ ಅಗ್ಗದ್ದು ಸಾಕು

ಆರೇಳು ವರ್ಷದ ಮಗುವಿಗೆ ಸಾವಿರಾರು ರೂಪಾಯಿ ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಜಾತ್ರೆಯಲ್ಲೂ ಸಿಗುವ ‘9999 ಇನ್ 1’ ಇಟ್ಟಿಗೆ ಜೋಡಿಸುವ ಆಟ ನೆನಪಿದೆ ಅಲ್ವಾ? ಎರಡು ಪೆನ್ ಸೆಲ್, ಕಪ್ಪು ಚೌಕಗಳು, ಕೀರಲು ಸದ್ದು. 9999 ಅನ್ನುವುದು ಸುಳ್ಳು ಲೆಕ್ಕ. ಒಂದಷ್ಟು ಆಟಗಳನ್ನೇ ವೇಗ ಬದಲಿಸಿ, ಲೆವೆಲ್ ಬದಲಿಸಿ ಎಣಿಸಿರುತ್ತಾರೆ. ಆದರೂ ಮಗುವಿಗೆ ಅದು ಸಾಕು.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬಣ್ಣದ ಸ್ಕ್ರೀನಿನ ‘ಸಪ್ 400 ಇನ್ 1’. ಸ್ಕ್ರೀನ್ 3 ಇಂಚು. ಒಳಗಿರುವುದು 1980ರ ದಶಕದ ಹಳೆ ಟಿವಿ ಗೇಮ್‌ಗಳ ನಕಲು, ಲೈಸೆನ್ಸ್ ಇಲ್ಲದ್ದು. ಆಫ್ ಮಾಡಿದರೆ ಆಡಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ. ಖರೀದಿಸುವಾಗ ಅಂಗಡಿಯಲ್ಲೇ ಹಿಂದಿನ ಮುಚ್ಚಳ ತೆಗೆಸಿ. ಹಳೆ ನೋಕಿಯಾ ಫೋನಿಗೆ ಹಾಕುತ್ತಿದ್ದ ಬಿಎಲ್-5ಸಿ ನಮೂನೆಯ ಬ್ಯಾಟರಿ ಕಾಣುತ್ತದೆ. ಅದನ್ನು ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿ ನೋಡಿ. ಬುಗುರಿ ತರ ಗಿರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ, ಬೇಡ ಅನ್ನಿ. ಆಮೇಲೆ ಆನ್ ಮಾಡಿ ನಾಲ್ಕೂ ಬಾಣದ ಬಟನ್ ಒತ್ತಿ, ಸದ್ದು ಕಡಿಮೆ ಆಗುತ್ತದಾ ನೋಡಿ. ಡಬ್ಬಿಯ ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ‘ಬಿಐಎಸ್ ಕೇರ್’ ಆಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು.

ಕೀಚೈನ್ ಗಾತ್ರದ ಪುಟಾಣಿ ಗೇಮ್‌ಗಳಲ್ಲಿ ವಾಚಿನ ಬಟನ್ ಸೆಲ್ ಇರುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಮುಟ್ಟಲೇಬೇಡಿ. ಮಗು ಆ ಸೆಲ್ ನುಂಗಿದರೆ ಒಳಗೆ ಸುಡಲು ಶುರುವಾಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

4. ಎಂಟು ದಾಟಿದ್ದರೆ ಸ್ವಿಚ್, ಆದರೆ ಯಾವುದು?

ಸ್ವಿಚ್ ಅಂದರೆ ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಮಷಿನ್, ಬಂದದ್ದು 2017ರಲ್ಲಿ. ಅದನ್ನು ಟಿವಿಗೂ ಹಾಕಬಹುದು. 2019ರಲ್ಲಿ ಬಂದ ಸ್ವಿಚ್ ಲೈಟ್ ಕೈಯಲ್ಲಿ ಹಿಡಿದು ಆಡಲು ಮಾತ್ರ. 275 ಗ್ರಾಂ ತೂಕ, 5.5 ಇಂಚಿನ ಸ್ಕ್ರೀನ್, ಮಗುವಿನ ಕೈಗೆ ಸರಿಯಾಗಿ ಕೂರುತ್ತದೆ. ಒಂದು ಕೊರತೆ ಇದೆ. ಲೈಟ್‌ನಲ್ಲಿ ಬೊಂಬೆ ನಡೆಸಲು ಹೆಬ್ಬೆರಳಿನಿಂದ ಆಚೀಚೆ ತಳ್ಳುವ ಕಡ್ಡಿಗಳು ಮಷಿನ್‌ಗೇ ಅಂಟಿಕೊಂಡಿವೆ. ಸ್ವಿಚ್‌ನ ಕಡ್ಡಿಗಳಿಗೆ ಬರುವ ಮಾಮೂಲಿ ಕಾಯಿಲೆ ಅಂದರೆ ಡ್ರಿಫ್ಟ್, ಮುಟ್ಟದಿದ್ದರೂ ಆಟದ ಬೊಂಬೆ ತಾನೇ ನಡೆಯತೊಡಗುತ್ತದೆ. ದೊಡ್ಡ ಸ್ವಿಚ್‌ನಲ್ಲಿ ಪಕ್ಕದ ಕಂಟ್ರೋಲರ್ ಮಾತ್ರ ಬದಲಿಸಿದರೆ ಆಯಿತು. ಲೈಟ್ ಆದರೆ ಪೂರ್ತಿ ಮಷಿನ್ ರಿಪೇರಿಗೆ ಹೋಗಬೇಕು.

ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ, ಆನ್‌ಲೈನಿನಲ್ಲೂ, ಸಿಗುವ ಸ್ವಿಚ್‌ಗಳು ಹೆಚ್ಚಾಗಿ ಹೊರದೇಶದಿಂದ ತರಿಸಿದವು. ವಾರಂಟಿ ಅಂದರೆ ಅಂಗಡಿಯವರ ಮಾತು. ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್’ ತೆರೆಯಿರಿ. ಅದರಲ್ಲಿ ‘ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್’ ಇದೆ. ಕಡ್ಡಿ ಒಮ್ಮೆ ಒತ್ತಿ ಕೈ ಬಿಡಿ. ಸ್ಕ್ರೀನಿನ ಮೇಲಿನ ಗುರುತು ನಡುವೆ ಅಲ್ಲಾಡದೆ ನಿಲ್ಲಬೇಕು. ಸುಮ್ನೆ ಬಿಟ್ಟರೂ ಪಕ್ಕಕ್ಕೆ ಜರುಗಿದರೆ ಬೇರೆ ತೋರಿಸಿ ಅನ್ನಿ. ‘ಎಲ್ಲ ಗೇಮ್ ಫ್ರೀ ಹಾಕಿಕೊಡ್ತೀವಿ ಸಾರ್’ ಅಂದರೆ ನಗುತ್ತಾ ಹೊರಗೆ ಬನ್ನಿ. ಹಾಗೆ ತಿದ್ದಿದ ಮಷಿನ್ ಕಂಪನಿಯ ಕಣ್ಣಿಗೆ ಬಿದ್ದರೆ ಅದರಲ್ಲಿ ಆನ್‌ಲೈನ್ ಆಟ ಬಂದ್.

ಹೊರದೇಶದಲ್ಲಿರುವ ನೆಂಟರಿಂದ ತರಿಸುವವರಿಗೆ ಒಂದು ಎಚ್ಚರಿಕೆ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಜಪಾನಿನಲ್ಲಿ ಎರಡು ತರ ಸಿಗುತ್ತದೆ. ಅಗ್ಗದ್ದರಲ್ಲಿ ಜಪಾನಿ ಭಾಷೆ ಮಾತ್ರ ಇದೆ, ಇಂಗ್ಲಿಷ್‌ಗೆ ಬದಲಿಸಲು ಆಗುವುದಿಲ್ಲ. ಅಮೆರಿಕದ ಚಾರ್ಜರ್ ನಮ್ಮ ಕರೆಂಟಿಗೆ ನಡೆಯುತ್ತದೆ, ಪಿನ್ನಿಗೆ ಅಡಾಪ್ಟರ್ ಒಂದು ಬೇಕು ಅಷ್ಟೆ.

ದುಬಾರಿ ಮಷಿನ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏಸಸ್ ಕಂಪನಿಯ ರಾಗ್ ಅಲೈ 2023ರಲ್ಲಿ ಇಲ್ಲಿ 69,990 ರೂಪಾಯಿಗೆ ಬಂತು. ಅದು ವಿಂಡೋಸ್ ಕಂಪ್ಯೂಟರೇ, ಮಕ್ಕಳ ಗಿಫ್ಟ್ ಅಲ್ಲ. ಪ್ಲೇಸ್ಟೇಷನ್ ಪೋರ್ಟಲ್ ನೋಡಲು ಚಂದ. ಆದರೆ ಮನೆಯಲ್ಲಿ ಪಿಎಸ್5, ಅಂದರೆ ಪ್ಲೇಸ್ಟೇಷನ್ 5, ಇದೆಯಾ ಅಂತ ಖಚಿತ ಆಗದೆ ತರಬೇಡಿ. ಅದರೊಳಗೆ ಆಟ ಹಾಕಲು ಜಾಗವೇ ಇಲ್ಲ, ಎಲ್ಲವೂ ವೈಫೈ ಮೂಲಕ ಬರಬೇಕು.

5. ಆಟಕ್ಕೆ ಬೇರೆ ದುಡ್ಡು ಎತ್ತಿಡಿ

ಸ್ವಿಚ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ. ಹೊಸ ಕಾರ್ಡ್ ಒಂದಕ್ಕೆ ಕೆಲವು ಸಾವಿರ ಆಗುತ್ತದೆ. ಬರೀ ಮಷಿನ್ ಕೊಟ್ಟರೆ ಮಗು ಹುಟ್ಟುಹಬ್ಬದ ದಿನ ಸೆಟ್ಟಿಂಗ್ಸ್ ನೋಡುತ್ತಾ ಕೂರಬೇಕು. ಒಂದು ಕಾರ್ಡ್ ಸೇರಿಸಿಯೇ ಬಜೆಟ್ ಹಾಕಿ. ಡೌನ್‌ಲೋಡ್ ಕೋಡ್ ಬೇಡ, ಕಾರ್ಡನ್ನೇ ತೆಗೆದುಕೊಳ್ಳಿ. ಕಾರ್ಡಾದರೆ ಮಾರಬಹುದು, ಬದಲಾಯಿಸಬಹುದು. ಸ್ವಿಚ್ 2ರಲ್ಲಿ ‘ಗೇಮ್ ಕೀ ಕಾರ್ಡ್’ ಅಂತ ಇದ್ದರೆ ಕಾರ್ಡಿನೊಳಗೆ ಆಟ ಇಲ್ಲ, ನೆಟ್‌ನಿಂದ ಇಳಿಸಿಕೊಳ್ಳಬೇಕು.

ಮಕ್ಕಳು ಬಾಯಿಗೆ ಹಾಕದಿರಲಿ ಅಂತ ಕಂಪನಿಯವರು ಸ್ವಿಚ್ ಕಾರ್ಡಿಗೆ ಕಹಿ ಲೇಪ ಹಚ್ಚಿರುತ್ತಾರೆ. ಭಯಂಕರ ಕಹಿ. ಬೇಕಾದರೆ ನೆಕ್ಕಿ ನೋಡಿ, ಆಮೇಲೆ ನನ್ನನ್ನು ಬಯ್ಯಬೇಡಿ.

6. ಪೇಪರ್ ಸುತ್ತುವ ಮುನ್ನ

ಹಿಂದಿನ ದಿನವೇ ಡಬ್ಬಿ ತೆರೆದು ಫುಲ್ ಚಾರ್ಜ್ ಮಾಡಿ. ವೈಫೈಗೆ ಹಾಕಿ ಅಪ್‌ಡೇಟ್ ಮುಗಿಸಿ. ಇಲ್ಲದಿದ್ದರೆ ಕೇಕ್ ಕತ್ತರಿಸಿದ ಮೇಲೆ ಎಲ್ಲರೂ ಕೂತು ಡೌನ್‌ಲೋಡ್ ಗೆರೆ ಮುಂದೆ ಹೋಗುವುದನ್ನು ನೋಡಬೇಕಾಗುತ್ತದೆ. ಸ್ಕ್ರೀನ್ ಗಾರ್ಡ್ ನೀವೇ ಅಂಟಿಸಿ.

ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆಪ್ ಉಚಿತ. ದಿನಕ್ಕೆ ಎಷ್ಟು ಹೊತ್ತು ಆಡಬಹುದು, ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸಬೇಕು, ಯಾವ ವಯಸ್ಸಿನ ಆಟ ತೆರೆಯಬೇಕು, ಎಲ್ಲ ಅದರಲ್ಲಿ ಹಾಕಬಹುದು. ಅದನ್ನು ನಿಮ್ಮ ಫೋನಿಗಲ್ಲ, ಮಗುವಿನ ಅಮ್ಮನ ಅಥವಾ ಅಪ್ಪನ ಫೋನಿಗೆ ಜೋಡಿಸಿ. ಪಿನ್ ನಂಬರನ್ನು ಅವರೇ ಒತ್ತಲಿ. ಮಗುವಿನ ಹುಟ್ಟಿದ ವರ್ಷ ಮಾತ್ರ ಇಡಬೇಡಿ ಅನ್ನಿ. ಮಕ್ಕಳು ಮೊದಲು ಒತ್ತಿ ನೋಡುವುದೇ ಅದನ್ನು.